ಹೂಂ ಅನ್ನುವವರಿಗೆ ದೋಣಿಯಲ್ಲಿ ಜಾಗವಿಲ್ಲ

ಹಾಯಿದೋಣಿ ಕಲಿಸುವ ಆ ಶಾಲೆಯಲ್ಲಿ ಅವಳನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಡುಗಮ್ಮ ಎನ್ನುತ್ತಿದ್ದರು. ಈ ಹೆಸರು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು, ಏಕೆಂದರೆ ಅವಳಿಗೆ ಸಿಟ್ಟು ಬರಿಸಲು ಇದಕ್ಕಿಂತ ದೊಡ್ಡ ದೊಡ್ಡ ಕಾರಣಗಳು ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದ್ದವು. ಒದ್ದೆ ಹಗ್ಗವನ್ನು ಉಂಡೆ ಮಾಡಿ ಮೂಲೆಗೆ ಎಸೆದು ಹೋಗುವವರನ್ನು ಕಂಡರೆ ಸಿಟ್ಟು. ದೋಣಿಗೆ ಕಾಲಿಡುವ ಮೊದಲೇ ಫೋನ್ ಎತ್ತಿ ಮುಖ ಓರೆ ಮಾಡುವವರನ್ನು ಕಂಡರೆ ಸಿಟ್ಟು. ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ಶೆಡ್ಡಿನ ನಲ್ಲಿಯ ಮೇಲೆ ಸಿಟ್ಟು, ಅದನ್ನು ರಿಪೇರಿ ಮಾಡಿಸದ ಮ್ಯಾನೇಜರನ ಮೇಲೆ ಇನ್ನಷ್ಟು ಸಿಟ್ಟು. ಇವೆಲ್ಲ ಚಿಲ್ಲರೆ ಸಿಟ್ಟುಗಳು, ಬೆಳಿಗ್ಗೆ ಬಂದು ಸಂಜೆಗೆ ಹೋಗುವಂಥವು. ಅವಳ ಅಸಲಿ ಸಿಟ್ಟು ಒಂದು ಪುಟ್ಟ ಸದ್ದಿನ ಮೇಲಿತ್ತು. ಯಾರಾದರೂ ಅವಳೆದುರು ಬಾಯಿ ತೆರೆಯದೆ ಮೂಗಿನಲ್ಲೇ "ಹೂಂ" ಎಂದರೆ ಸಾಕು, ಪಿತ್ತ ನೆತ್ತಿಗೇರುತ್ತಿತ್ತು.

ಬಂದರಿನ ಮೂಲೆಯಲ್ಲಿ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಕೆಳಗೆ ದೋಣಿಗಳು, ಹಗ್ಗದ ಸುರುಳಿಗಳು, ಒಣಗಲು ಹಾಕಿದ ಲೈಫ್ ಜಾಕೆಟ್ಟುಗಳು, ಬಣ್ಣದ ಡಬ್ಬಿಗಳು. ಮರದ ಏಣಿ ಹತ್ತಿದರೆ ಮೇಲೆ ಅವಳ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಸ್ಟವ್, ಹರಿದ ಹಾಯಿಗೆ ತೇಪೆ ಹಾಕುವ ದಪ್ಪ ಸೂಜಿಯ ಹೊಲಿಗೆ ಮೆಷಿನ್ನು, ಬಂದರಿನ ಬಾಯಿಯ ಕಡೆಗೆ ತೆರೆಯುವ ಒಂದು ಕಿಟಕಿ. ಮದುವೆಯಾಗಿ ಹೋದ ಮನೆಯಲ್ಲಿ ಅವಳು ಹೆಚ್ಚು ದಿನ ಬಾಳಲಿಲ್ಲ. ಗಂಡ ಒಳ್ಳೆಯವನೇ, ಆದರೆ ಅವನ ಮನೆಯಲ್ಲಿ ಯಾರೂ ಯಾವುದಕ್ಕೂ ನೇರ ಉತ್ತರ ಕೊಡುತ್ತಿರಲಿಲ್ಲ. ಅವಳು ಪೆಟ್ಟಿಗೆ ಹಿಡಿದು ವಾಪಸು ಬಂದಾಗ ಅಪ್ಪ ಶೆಡ್ಡಿನ ಬಾಗಿಲಲ್ಲಿ ಕೂತು ಬಕೆಟ್ಟಿಗೆ ಹಿಡಿ ಕಟ್ಟುತ್ತಿದ್ದ. "ಇಲ್ಲೇ ಇರ್ತೀನಿ" ಎಂದಳು. "ಹೂಂ" ಎಂದ ಅಪ್ಪ.

ಆ ಸಲ ಹೊಸದಾಗಿ ಕಲಿಯಲು ಬಂದವರು ಮೂವರೇ. ಒಬ್ಬ ಸಲೂನಿನವನು, ಮಾತಿಗೆ ಕೂತರೆ ಕತ್ತರಿಗಿಂತ ಜೋರು. ಇನ್ನೊಬ್ಬರು ನಿವೃತ್ತರಾದ ಪೋಸ್ಟ್ ಮಾಸ್ಟರು, ಗಂಟು ಹಾಕುವುದರಲ್ಲಿ ಮೊದಲ ದಿನವೇ ಎಲ್ಲರನ್ನೂ ಮೀರಿಸಿದವರು. ಮೂರನೆಯವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಬಂದವಳು ಎಲ್ಲರಿಗಿಂತ ಹಿಂದೆ ನಿಂತಳು.

ಮೊದಲ ದಿನ ನೀರಿಗೆ ಇಳಿಯುವ ಮಾತೇ ಇಲ್ಲ. ಹಳೆಯ ದೋಣಿಯೊಂದನ್ನು ಶೆಡ್ಡಿನೊಳಗೆ ಮರದ ಕಾಲುಗಳ ಮೇಲೆ ಕೂರಿಸಿ, ಮೂವರನ್ನೂ ಅದರಲ್ಲಿ ಹತ್ತಿಸಿ, ಅವಳು ಕೆಳಗೆ ನಿಂತು ಪಾಠ ಶುರು ಮಾಡಿದಳು.

"ನೆಟ್ಟಗೆ ನಿಂತಿದೆಯಲ್ಲ, ಇದು ಕೂವೆಮರ. ಹಾಯಿ ಕಟ್ಟೋದು ಇದಕ್ಕೆ. ಇದರ ಬುಡದ ಹತ್ತಿರದಿಂದ ಹಿಂದಕ್ಕೆ ಅಡ್ಡ ಚಾಚಿರೋ ಕೊರಡು ಬೂಮ್. ಹಾಯಿಯ ಕೆಳಗಿನ ಅಂಚು ಇದಕ್ಕೆ ಕಟ್ಟಿರುತ್ತೆ. ಬಾಗಿಲು ತಿರುಗೋ ಹಾಗೆ ಇದು ಈ ಬದಿಯಿಂದ ಆ ಬದಿಗೆ ತಿರುಗುತ್ತೆ. ನಿಮ್ಮ ತಲೆ ಎಲ್ಲಿದೆ ಅಂತ ಅದು ನೋಡಲ್ಲ. ನೀವೇ ನೋಡ್ಕೋಬೇಕು."

ಸಲೂನಿನವನು ತಕ್ಷಣ ತಲೆ ಮುಟ್ಟಿಕೊಂಡ.

"ಹಿಂದೆ ನೀರೊಳಗೆ ಇಳಿದಿರೋ ಹಲಗೆ ಚುಕ್ಕಾಣಿ. ಅದಕ್ಕೆ ಸೇರಿರೋ ಈ ಕೋಲು ಚುಕ್ಕಾಣಿ ಹಿಡಿ. ಹಿಡೀನ ಬಲಕ್ಕೆ ತಳ್ಳಿದ್ರೆ ದೋಣಿ ಎಡಕ್ಕೆ ಹೋಗುತ್ತೆ."

"ಉಲ್ಟಾ ಆಯ್ತಲ್ಲ ಮೇಡಂ?"

"ನಿಮಗೆ ಉಲ್ಟಾ. ದೋಣಿಗೆ ಅದೇ ಸರಿ. ಆ ಶೀಟ್ ಇತ್ತ ಕೊಡಿ."

ಪೋಸ್ಟ್ ಮಾಸ್ಟರು ಹಾಯಿ ಬಟ್ಟೆಯ ತುದಿಯನ್ನು ಎತ್ತಿ ಕೊಟ್ಟರು. ಪ್ರತಿ ಸಲವೂ ಯಾರಾದರೊಬ್ಬರು ಹೀಗೇ ಮಾಡುತ್ತಿದ್ದರು, ಪ್ರತಿ ಸಲವೂ ಅವಳು ಹೀಗೇ ಹಲ್ಲು ಕಡಿಯುತ್ತಿದ್ದಳು. "ಅದು ಬಟ್ಟೆ. ಶೀಟ್ ಅಂದ್ರೆ ಹಗ್ಗ. ಹಾಯಿಯನ್ನ ಒಳಗೆ ಎಳೆಯೋಕೆ, ಹೊರಗೆ ಬಿಡೋಕೆ ಇರೋ ಹಗ್ಗ."

"ಹಗ್ಗಕ್ಕೆ ಯಾಕೆ ಶೀಟ್ ಅಂತಾರೆ?" ಎಂದು ಸಲೂನಿನವನು ಕೇಳಿದ.

"ನಾನಿಟ್ಟ ಹೆಸರಾ ಅದು? ಇಟ್ಟವರು ಸಿಕ್ಕಿದ್ರೆ ನಾನೂ ಎರಡು ಮಾತು ಕೇಳೋದಿದೆ. ಈಗ ಇದನ್ನ ಹಿಡೀರಿ. ಹಿಡೀರಿ ಅಂದೆ, ಕೈಗೆ ಸುತ್ಕೊಳ್ಳಿ ಅನ್ನಲಿಲ್ಲ! ಬಿಚ್ಚಿ! ಗಾಳಿ ಜೋರಾಗಿ ಎಳೆದಾಗ ಕೈ ಸೋಲುತ್ತೆ, ಸುತ್ಕೊಂಡ್ರೆ ಹಾಯಾಗಿರುತ್ತೆ ಅನಿಸುತ್ತೆ. ಹಿಡಿದದ್ದನ್ನ ಬಿಡಬಹುದು. ಸುತ್ತಿದ್ದನ್ನ ಬಿಡೋಕಾಗಲ್ಲ, ಅದು ಬೆರಳು ತಗೊಂಡೇ ಹೋಗುತ್ತೆ."

ಪೋರ್ಟು, ಸ್ಟಾರ್‌ಬೋರ್ಡು ಎಂಬ ಎರಡು ಮಾತಿಗೆ ಅವಳು ಬಹಳ ಹೊತ್ತು ತೆಗೆದುಕೊಂಡಳು. ದೋಣಿಯಲ್ಲಿ ಒಬ್ಬರು ಮುಂದೆ ನೋಡುತ್ತಾ ಕೂತಿರುತ್ತಾರೆ, ಇನ್ನೊಬ್ಬರು ಹಿಂದೆ ನೋಡುತ್ತಾ. ಇವರ ಎಡ ಅವರಿಗೆ ಬಲ. ಗಾಬರಿಯಲ್ಲಿ ಎಡಕ್ಕೆ ಎಡಕ್ಕೆ ಎಂದು ಕೂಗಿದರೆ ಯಾರ ಎಡ? ಅದಕ್ಕೆ ದೋಣಿಗೆ ಅದರದೇ ಎಡಬಲ. ದೋಣಿಯ ಮುಂತುದಿ, ಅಂದರೆ ಮೂತಿಯ ಕಡೆ ಮುಖ ಮಾಡಿ ನಿಂತರೆ ಎಡಗಡೆ ಇರುವುದು ಪೋರ್ಟು, ಬಲಗಡೆ ಇರುವುದು ಸ್ಟಾರ್‌ಬೋರ್ಡು, ನೀವು ತಲೆಕೆಳಗಾಗಿ ನಿಂತರೂ ಅದು ಬದಲಾಗುವುದಿಲ್ಲ. "ಕನ್ನಡೀಲಿ ನೋಡ್ಕೊಂಡು ಗಿರಾಕಿಗಳು ಎಡಗಡೆ ಇನ್ನೂ ಸ್ವಲ್ಪ ಕತ್ತರಿಸು ಅಂತಾರಲ್ಲ, ಆ ಥರ" ಎಂದ ಸಲೂನಿನವನು. ಗುಡುಗಮ್ಮನಿಗೆ ನಗು ಬಂತು. ಬಂದ ನಗುವನ್ನು ಅವಳು ಕೆಮ್ಮಿ ಮುಚ್ಚಿಕೊಂಡಳು.

"ಇನ್ನು ತಿರುಗೋದು. ಗಾಳಿಗೆ ಎದುರಾಗಿ ನೇರವಾಗಿ ಹೋಗೋಕೆ ಯಾವ ಹಾಯಿಗೂ ಆಗಲ್ಲ. ಓರೆಯಾಗಿ ಹೋಗಬೇಕು, ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಹಾಗೆ ಹೋಗ್ತಾ ದೋಣಿಯ ಮೂತಿ ಗಾಳಿಯನ್ನ ದಾಟಿ ತಿರುಗಿದ್ರೆ ಅದು ಟ್ಯಾಕ್. ಗಾಳಿ ಬೆನ್ನಿಗಿದ್ದಾಗ ದೋಣಿಯ ಹಿಂಭಾಗ ಗಾಳಿಯನ್ನ ದಾಟಿದ್ರೆ ಅದು ಜೈಬ್. ಟ್ಯಾಕ್‌ನಲ್ಲಿ ಬೂಮ್ ಹೇಳಿ ಕೇಳಿ ಬರುತ್ತೆ. ಜೈಬ್‌ನಲ್ಲಿ ಕೆನ್ನೆಗೆ ಬಾರಿಸಿದ ಹಾಗೆ ಬರುತ್ತೆ, ಶೀಟನ್ನೂ ಎಳ್ಕೊಂಡು ಬರುತ್ತೆ. ಅದಕ್ಕೇ ತಿರುಗಿಸೋ ಮೊದಲು ಚುಕ್ಕಾಣಿ ಹಿಡಿದವರು 'ತಯಾರಾ?' ಅಂತ ಕೇಳಬೇಕು. ಉಳಿದವರು ಕೈ ನೋಡ್ಕೋಬೇಕು, ಕಾಲು ನೋಡ್ಕೋಬೇಕು, ಆಮೇಲೆ 'ತಯಾರು' ಅನ್ನಬೇಕು. ಇಲ್ಲದಿದ್ರೆ 'ಇಲ್ಲ' ಅನ್ನಬೇಕು. ಒಬ್ಬರು ಇಲ್ಲ ಅಂದ್ರೂ ಚುಕ್ಕಾಣಿ ಅಲ್ಲಾಡಬಾರದು. ಬಂದರಿನ ಬಾಯಿ ತಪ್ಪಿಹೋದ್ರೂ ಪರವಾಗಿಲ್ಲ, ಸುತ್ತಿ ಬಂದ್ರಾಯ್ತು. ಇಲ್ಲ ಅನ್ನೋದು ಮರ್ಯಾದೆ ಹೋಗೋ ವಿಷಯ ಅಲ್ಲ. ಗೊತ್ತಾಯ್ತಾ?"

"ಹೂಂ" ಎಂದಿತು ಹಿಂದಿನಿಂದ ಒಂದು ದನಿ.

ಶೆಡ್ಡಿನ ತಗಡು ಅದುರುವಂತೆ ಗುಡುಗಮ್ಮ ಕೂಗಿದಳು. "ಯಾರದು? ನೀನಾ? ಏನು ಗೊತ್ತಾಯ್ತು ನಿನಗೆ? ಜೈಬ್ ಅಂದ್ರೆ ಏನು, ಹೇಳು ನೋಡೋಣ."

ಹುಡುಗಿಗೆ ಏನೂ ಗೊತ್ತಾಗಿರಲಿಲ್ಲ. ಎಲ್ಲರೂ ತಲೆಯಾಡಿಸುವಾಗ ತಾನೊಬ್ಬಳೇ ಯಾಕೆ ತಡೆಯಬೇಕೆಂದು ಹೂಂಗುಟ್ಟಿದ್ದಳು, ಅಷ್ಟೇ. ಬೈಸಿಕೊಳ್ಳುತ್ತಾ ಅವಳು ಎಡ ಭುಜವನ್ನು ತುಸು ಮೇಲೆತ್ತಿ ಗೋಣು ಒಂದು ಕಡೆಗೆ ವಾಲಿಸಿದಳು. ಗುಡುಗಮ್ಮನ ಮಾತು ಅರ್ಧಕ್ಕೇ ನಿಂತಿತು. ಹಾಗೆ ಭುಜ ಎತ್ತಿ, ಹಾಗೆ ಗೋಣು ವಾಲಿಸಿ, ಹಾಗೆ ಹೂಂ ಎನ್ನುವ ಒಬ್ಬನೇ ಒಬ್ಬ ಮನುಷ್ಯನನ್ನು ಅವಳು ಕಂಡಿದ್ದಳು. ಅವನು ಅವಳ ಅಪ್ಪ, ತೀರಿಹೋಗಿದ್ದ.

"ನಿಮ್ಮಪ್ಪ ಏನು ಕೆಲಸ ಮಾಡ್ತಾನೆ?"

"ಕನ್ನಡಕದ ಅಂಗಡಿ" ಎಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿ, "ಗೊತ್ತಾಗುತ್ತೆ ಅಂತ ಅನ್ಕೊಂಡಿದ್ದೆ ಅತ್ತೆ" ಎಂದಳು.

ತಮ್ಮನ ಮಗಳು. ಕೈಗೂಸಾಗಿದ್ದಾಗಲೂ ನೋಡಲು ಹೋಗದ ಮಗು, ಈಗ ಕುತ್ತಿಗೆಯವರೆಗೆ ಜಾಕೆಟ್ಟು ಬಿಗಿದುಕೊಂಡು ಅವಳ ದೋಣಿಯಲ್ಲಿ ನಿಂತಿತ್ತು. ಗುಡುಗಮ್ಮ ಪಾಠ ಮುಗಿಯಿತೆಂದು ಹೇಳಿ ಏಣಿ ಹತ್ತಿ ಹೋದಳು.

ಅಪ್ಪನ ಕಥೆ ಹೇಳದೆ ಅವಳ ಸಿಟ್ಟು ಅರ್ಥವಾಗುವುದಿಲ್ಲ. ಅಪ್ಪ ಈ ಶಾಲೆಯ ಮೊದಲ ಮೇಷ್ಟ್ರು. ಅದಕ್ಕೂ ಮೊದಲು ಸಾಮಾನು ಸಾಗಿಸುವ ಹಾಯಿದೋಣಿ ನಡೆಸಿದವನು. ಅಕ್ಕ ತಮ್ಮ ಇಬ್ಬರಿಗೂ ಅವನೇ ಕಲಿಸಿದ್ದು. ತಯಾರಾ, ತಯಾರು ಎಂಬ ಪದ್ಧತಿಯೂ ಅವನದೇ. ಆದರೆ ನೆಲದ ಮೇಲೆ ಅವನಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಯಾರು ಏನು ಕೇಳಿದರೂ ಹೂಂ. ಸಾಲ ಕೊಡ್ತೀಯಾ ಎಂದರೆ ಹೂಂ, ಕೊಟ್ಟ ಸಾಲ ವಾಪಸು ಬಂತಾ ಎಂದರೂ ಹೂಂ. ಯಾರ ಮನಸ್ಸನ್ನೂ ನೋಯಿಸಬಾರದು, ಯಾರನ್ನೂ ಕಾಯಿಸಬಾರದು.

ತಮ್ಮನಿಗೆ ಮೀಸೆ ಮೂಡುತ್ತಿದ್ದ ಕಾಲದ ಒಂದು ಮಧ್ಯಾಹ್ನ, ಅಪ್ಪ ಅವನ ಕೈಗೆ ಚುಕ್ಕಾಣಿ ಕೊಟ್ಟು ತಾನು ಶೀಟ್ ಹಿಡಿದು ಕೂತ. ಅಕ್ಕ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ನೋಡುತ್ತಿದ್ದಳು. ಬಂದರಿನ ಬಾಯಿಯ ಹತ್ತಿರ ದೋಣಿ ಜೈಬ್ ಮಾಡಿತು. ಬೂಮ್ ಆಚೆಯಿಂದ ಈಚೆಗೆ ಬಡಿದದ್ದು ಕಾಣಿಸಿತು, ಆಮೇಲೆ ಅಪ್ಪನ ಕೂಗು ಕೇಳಿಸಿತು. ಹಗ್ಗ ಅವನ ಬಲಗೈಗೆ ಸುತ್ತಿತ್ತು. ಎರಡು ಬೆರಳು ಹೋದವು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವಳು ತಮ್ಮನ ಕಾಲರು ಹಿಡಿದಳು. "ಕೇಳಿದೆಯಾ? ತಿರುಗಿಸೋ ಮೊದಲು ಕೇಳಿದೆಯಾ?"

"ಕೇಳಿದೆ ಅಕ್ಕ. ಅಪ್ಪ ತಯಾರು ಅಂದ."

"ಸುಳ್ಳು! ಹಗ್ಗ ಕೈಗೆ ಸುತ್ಕೊಂಡಿದ್ದವನು ತಯಾರು ಅಂತಾನಾ? ಇಡೀ ಜೀವಮಾನ ದೋಣಿ ನಡೆಸಿದವನು? ಸುತ್ಕೋಬೇಡಿ ಅಂತ ನಮಗೆ ಕಲಿಸಿದವನು?"

ಅವಳ ವಾದದಲ್ಲಿ ಸೂಜಿ ಮೊನೆಯಷ್ಟೂ ಸಂದಿಯಿರಲಿಲ್ಲ. ಅಷ್ಟು ತಿಳಿದವನು ಹಾಗೆ ಹೇಳಲು ಸಾಧ್ಯವೇ ಇಲ್ಲ, ಆದ್ದರಿಂದ ತಮ್ಮ ಕೇಳಲೇ ಇಲ್ಲ, ಕೇಳದೆ ತಿರುಗಿಸಿ ಈಗ ಅಪ್ಪನ ತಲೆಗೆ ಕಟ್ಟುತ್ತಿದ್ದಾನೆ. ಅಪ್ಪನನ್ನೇ ಕೇಳಿದರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಕೇಳಿದರು. ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ ಅಪ್ಪನ ಬಳಿ ಅವಳು ಹೋಗಿ, "ಅವನು ಕೇಳಲಿಲ್ಲ, ಅಲ್ವಾ ಅಪ್ಪ?" ಎಂದಳು. "ಹೂಂ" ಎಂದ. ಆಮೇಲೆ ತಮ್ಮ ಹೋಗಿ, "ನಾನು ಕೇಳಿದ್ದೆ, ಅಲ್ವಾ ಅಪ್ಪ?" ಎಂದ. ಅವನಿಗೂ "ಹೂಂ" ಎಂದ. ಆ ಮಹಾರಾಯ ಮಕ್ಕಳಿಬ್ಬರಿಗೂ ಬೇಸರವಾಗದಂತೆ ನೋಡಿಕೊಂಡ, ಅದರಿಂದ ಮನೆಯೇ ಒಡೆಯಿತು. ತಮ್ಮ ನೀರಿನ ತಂಟೆಯೇ ಬೇಡವೆಂದು ಊರಿನ ಮೇಲ್ಭಾಗದಲ್ಲಿ, ಕಿಟಕಿಯಿಂದ ಇಣುಕಿದರೂ ಬಂದರು ಕಾಣದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟ. ಅಪ್ಪ ಉಳಿದ ಬೆರಳುಗಳಲ್ಲಿ ಹಗ್ಗ ಹೆಣೆಯುತ್ತಾ ಇನ್ನಷ್ಟು ವರ್ಷ ಬದುಕಿ, ಜ್ವರ ಬಂದು ತೀರಿಕೊಂಡ. ಅಂದೂ ಅಕ್ಕ ತಮ್ಮ ಕೋಣೆಯ ಎರಡು ಮೂಲೆಯಲ್ಲಿ ನಿಂತಿದ್ದರೇ ಹೊರತು ಮಾತಾಡಲಿಲ್ಲ.

ಈಗ ಅವನ ಮಗಳು ಬಂದಿದ್ದಳು. ಯಾಕೆ ಬಂದೆ ಎಂದು ಗುಡುಗಮ್ಮ ಮಾರನೆಯ ದಿನ ಕೇಳಿದಾಗ ಹುಡುಗಿ ಬಚ್ಚಿಡಲಿಲ್ಲ. ಆ ಶಾಲೆಯಲ್ಲಿ ಒಂದು ರೂಢಿಯಿತ್ತು: ಕಲಿಕೆಯ ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ಮನೆಯವರೊಬ್ಬರನ್ನು ಕರೆತರಬೇಕು, ಶೀಟನ್ನು ಅವರ ಕೈಗೆ ಕೊಟ್ಟು, ತಾವು ಚುಕ್ಕಾಣಿ ಹಿಡಿದು, ಬಂದರಿನ ಆಚೆ ಹೋಗಿ ವಾಪಸು ಬರಬೇಕು. ಮೇಡಂ ಜೊತೆಯಲ್ಲಿ ಕೂತಿರುತ್ತಾಳೆ, ಬಾಯಿ ಬಿಡುವುದಿಲ್ಲ.

"ಅಪ್ಪನ್ನ ಕರ್ಕೊಂಡು ಬರ್ತೀನಿ" ಎಂದಳು ಹುಡುಗಿ. "ನೀವಿಬ್ಬರೂ ಒಂದೇ ದೋಣೀಲಿ ಕೂತ್ಕೋಬೇಕು. ನನಗೆ ಬೇಕಾಗಿರೋದು ಅಷ್ಟೇ ಅತ್ತೆ. ನಮ್ಮ ಮನೆಯಲ್ಲಿ ನಿಮ್ಮ ಹೆಸರು ಬಂದ್ರೆ ಅಪ್ಪ ಎದ್ದು ಹೋಗ್ತಾರೆ. ನನಗೆ ಸಾಕಾಗಿದೆ."

"ಅವನು ಬರಲ್ಲ."

"ಬರ್ತಾರೆ. ಕೇಳಿದೆ. ಹೂಂ ಅಂದಿದ್ದಾರೆ."

ಗುಡುಗಮ್ಮನ ಮೈಯೆಲ್ಲ ಉರಿದುಹೋಯಿತು. "ವಂಶಕ್ಕೇ ಅಂಟಿರೋ ರೋಗ ಇದು! ಕೇಳು ಇಲ್ಲಿ. ಯಾರ ಮಗಳಾದ್ರೂ ಸರಿ, ಹೂಂ ಅನ್ನುವವರಿಗೆ ನನ್ನ ದೋಣಿಯಲ್ಲಿ ಜಾಗ ಇಲ್ಲ. ಇಲ್ಲ ಅನ್ನೋಕೆ ಕಲಿಯೋ ತನಕ ಚುಕ್ಕಾಣಿ ಮುಟ್ಟೋಕೆ ಬಿಡಲ್ಲ. ಕಲೀದಿದ್ರೆ ನಿಮ್ಮಪ್ಪನ್ನ ಕರ್ಕೊಂಡು ಬರೋ ಮಾತೂ ಇಲ್ಲ."

ಅಲ್ಲಿಂದ ಶುರುವಾಯಿತು ಹುಡುಗಿಯ ಗ್ರಹಚಾರ. ದೋಣಿಯಲ್ಲಿ ಪೋಸ್ಟ್ ಮಾಸ್ಟರು ತಯಾರಾ ಎಂದು ಕೇಳುವ ಮೊದಲೇ ಗುಡುಗಮ್ಮ ಬೇಕೆಂದೇ ಅವಳ ಕಾಲಡಿಗೆ ಹಗ್ಗ ಸರಿಸುವಳು. ಹುಡುಗಿ ನೋಡದೆ ತಯಾರು ಎನ್ನುವಳು. "ಕಾಲು ನೋಡ್ಕೋ! ಯಾರಿಗೆ ತಯಾರು ನೀನು, ಆಂಬುಲೆನ್ಸಿಗಾ?" ಎಂದು ಧಕ್ಕೆಯವರೆಗೂ ಕೇಳುವಂತೆ ಬೈಗುಳ. ಸಲೂನಿನವನಿಗೆ ಕನಿಕರವಾಗಿ, "ಪಾಪ, ಚಿಕ್ಕ ಹುಡುಗಿ ಮೇಡಂ" ಎಂದರೆ ಅವನಿಗೂ ಒಂದಿಷ್ಟು. ತಮ್ಮನಿಗೆ ಹೇಳಬೇಕಾಗಿದ್ದ ಮಾತೆಲ್ಲ ತಮ್ಮನ ಮಗಳ ತಲೆಯ ಮೇಲೆ ಬೀಳುತ್ತಿತ್ತು. ಅದು ಅನ್ಯಾಯವೆಂದು ಗುಡುಗಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ತಡೆಯಲು ಆಗದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟು ಬರುತ್ತಿತ್ತು, ಅದೂ ಹೋಗಿ ಹುಡುಗಿಯ ಮೇಲೇ ಬೀಳುತ್ತಿತ್ತು.

ಹುಡುಗಿ ಅತ್ತಳು, ಆದರೆ ಬರುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಗಾಳಿ ಚೆನ್ನಾಗಿತ್ತು. ಸಲೂನಿನವನು ಚುಕ್ಕಾಣಿಯಲ್ಲಿದ್ದ, ಎದುರಿಗೆ ಒಂದು ಮೀನಿನ ಬೋಟು ಬರುತ್ತಿತ್ತು, ಅವನಿಗೆ ಅವಸರ. "ತಯಾರಾ?" ಎಂದ. ಹುಡುಗಿ ಕೈ ನೋಡಿಕೊಂಡಳು, ಕಾಲು ನೋಡಿಕೊಂಡಳು. ಜಾಕೆಟ್ಟಿನ ಪಟ್ಟಿ ಹಗ್ಗದ ಕೊಂಡಿಗೆ ಸಿಕ್ಕಿಕೊಂಡಿತ್ತು.

"ಇಲ್ಲ!" ಎಂದು ಕಿರುಚಿದಳು. ಅಷ್ಟು ಜೋರಾಗಿ ಕಿರುಚಬೇಕಾಗಿರಲಿಲ್ಲ. ಸಲೂನಿನವನು ಬೆಚ್ಚಿ ಚುಕ್ಕಾಣಿಯನ್ನು ಹಾಗೇ ಹಿಡಿದ. ಬೋಟಿನವನು ಏನೋ ಬೈದುಕೊಂಡು ಪಕ್ಕದಲ್ಲಿ ಸುತ್ತಿ ಹೋದ. ಹುಡುಗಿ ನಿಧಾನವಾಗಿ ಪಟ್ಟಿ ಬಿಡಿಸಿಕೊಂಡು, ಅತ್ತೆಯ ಮುಖವನ್ನೇ ನೋಡುತ್ತಾ, "ಈಗ ತಯಾರು" ಎಂದಳು.

ಗುಡುಗಮ್ಮ ಬೆನ್ನು ತಟ್ಟಲಿಲ್ಲ. ದಡಕ್ಕೆ ಬಂದ ಮೇಲೆ, "ನಾಳೆಯಿಂದ ಚುಕ್ಕಾಣಿ ಹಿಡಿ" ಎಂದಷ್ಟೇ ಹೇಳಿ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಅಂದು ಅವಳು ನಲ್ಲಿಯನ್ನೂ ಬೈಯಲಿಲ್ಲ.

ಕೊನೆಯ ದಿನ ತಮ್ಮ, ಆ ಕನ್ನಡಕದವನು, ಬಂದ. ತಲೆ ಅರ್ಧ ಬೆಳ್ಳಗಾಗಿತ್ತು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ದೋಣಿಗೆ ಹೊಂದದ ಪಾಲಿಶ್ ಬೂಟು ತೊಟ್ಟಿದ್ದ. ಧಕ್ಕೆಯ ಮೆಟ್ಟಿಲ ಮೇಲೆ ನಿಂತು ನೀರನ್ನೇ ನೋಡಿದ. ಅಕ್ಕನನ್ನು ನೋಡಲಿಲ್ಲ. ಗುಡುಗಮ್ಮ ಅವನ ಮಗಳಿಗೆ ಹೇಳಿದಳು:

"ನಿಮ್ಮಪ್ಪನಿಗೆ ಹೇಳು, ಜಾಕೆಟ್ಟಿನ ಪಟ್ಟಿ ಬಿಗಿಯಾಗಿ ಕಟ್ಕೊಳ್ಳೋಕೆ."

"ನಿಮ್ಮತ್ತೆಗೆ ಹೇಳು, ಕಟ್ಕೊಂಡಿದ್ದೀನಿ ಅಂತ" ಎಂದ ಅವನು.

"ಅದು ಕಟ್ಟಿದ್ದಲ್ಲ, ನೇತುಹಾಕಿದ್ದು ಅಂತ ಹೇಳು."

ಹುಡುಗಿ ಇಬ್ಬರ ನಡುವೆ ನಿಂತು, "ಇಬ್ಬರಿಗೂ ಕಿವಿ ಸರಿಯಾಗಿದೆ. ನಾನೇನು ಪೋಸ್ಟ್ ಮಾಸ್ಟರಾ?" ಎಂದಳು. ಹಿಂದೆ ನಿಂತಿದ್ದ ಪೋಸ್ಟ್ ಮಾಸ್ಟರು ಗಂಟಲು ಸರಿಮಾಡಿಕೊಂಡರು.

ದೋಣಿ ಬೇರೆ ಯಾವುದೂ ಅಲ್ಲ, ಅಪ್ಪನದೇ ಹಳೆಯದು. ಹುಡುಗಿ ಚುಕ್ಕಾಣಿಯಲ್ಲಿ ಕೂತಳು. ರೂಢಿಯಂತೆ ಶೀಟನ್ನು ಅಪ್ಪನ ಕಡೆ ಚಾಚಿದಳು. ಅವನ ಕೈ ಮುಂದೆ ಬರುವಷ್ಟರಲ್ಲಿ ಗುಡುಗಮ್ಮ ನಡುವೆ ಬಾಗಿ ಹಗ್ಗವನ್ನು ಕಿತ್ತುಕೊಂಡಳು. "ಅವನ ಕೈಗೆ ಬೇಡ" ಎಂದಳು. ಹುಡುಗಿಯ ಮುಖ ಸಪ್ಪಗಾಯಿತು. ಅವನು ಎದುರಿನ ಹಲಗೆಯ ಮೇಲೆ ಕೂತ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡ.

ಹೋಗುವ ದಾರಿ ಚೆನ್ನಾಗಿಯೇ ಸಾಗಿತು. ಹುಡುಗಿ ಓರೆ ಓರೆಯಾಗಿ ಗಾಳಿಗೆ ಎದುರು ಹತ್ತಿಸಿದಳು. ಪ್ರತಿ ಟ್ಯಾಕ್‌ಗೂ ತಯಾರಾ ಎಂದು ಕೇಳಿದಳು, ಎರಡು ಕಡೆಯಿಂದಲೂ ಒಣ ದನಿಯಲ್ಲಿ ತಯಾರು ಎಂಬ ಉತ್ತರ ಬಂತು. ಅಲೆಗಳ ತಡೆಗೋಡೆ ದಾಟಿ ಹೊರಗೆ ಹೋಗಿ, ಸುತ್ತಿ, ವಾಪಸು ಹೊರಟರು. ಈಗ ಗಾಳಿ ಬೆನ್ನಿಗೆ. ಹಾಯಿ ಒಂದು ಬದಿಗೆ ಪೂರ್ತಿ ಚಾಚಿಕೊಂಡು ಉಬ್ಬಿ ನಿಂತಿತು, ಶೀಟ್ ಜೋರಾಗಿ ಎಳೆಯುತ್ತಿತ್ತು. ಬಂದರಿನ ಬಾಯಿಗೆ ನುಗ್ಗಬೇಕಾದರೆ ಒಂದು ಜೈಬ್ ಮಾಡಲೇಬೇಕು.

ಕನ್ನಡಕದವನು ದೋಣಿಯ ಅಂಚನ್ನು ಬೆರಳಿಂದ ಸವರುತ್ತಾ, ಯಾರಿಗೆಂದಿಲ್ಲದೆ, "ಬಣ್ಣ ಬದಲಾಗಿದೆ. ಮೊದಲು ಹಸಿರಿತ್ತು" ಎಂದ.

ಅಷ್ಟೇ ಸಾಕಾಯಿತು. ಬಣ್ಣ ಬದಲಾಗಿದೆಯಂತೆ! ಇಷ್ಟು ವರ್ಷ ಈ ದೋಣಿಯ ಹೊಟ್ಟೆ ಕೆರೆದವಳು ಯಾರು, ಬಿರುಕಿಗೆ ಅಂಟು ತುಂಬಿದವಳು ಯಾರು, ಮೂರು ಬೆರಳಿನ ಅಪ್ಪನಿಗೆ ಊಟ ಕಲಸಿ ಕೊಟ್ಟವಳು ಯಾರು, ಬಟನ್ನು ಹಾಕಿದವಳು ಯಾರು? ಇವನು ಗಾಜು ಒರೆಸುತ್ತಾ ಕೂತಿದ್ದವನು ಬಂದು ಈಗ ಬಣ್ಣ ನೋಡುತ್ತಾನೆ! ಅವಳ ಕಣ್ಣು ಅವನ ಮುಖದ ಮೇಲೆ ನೆಟ್ಟಿತು. ಹಗ್ಗ ಎಳೆಯುತ್ತಿತ್ತು, ಕೈ ಬಿಗಿಯುತ್ತಿತ್ತು. ಹೇಳಬೇಕಾದ ಮಾತನ್ನು ಹೇಗೆ ಶುರು ಮಾಡಿದರೆ ಅವನಿಗೆ ಸರಿಯಾಗಿ ತಾಗುತ್ತದೆಂದು ಅವಳು ಹುಡುಕುತ್ತಿದ್ದಳು.

"ಜೈಬ್ ಮಾಡ್ತೀನಿ" ಎಂದಳು ಹುಡುಗಿ. "ತಯಾರಾ?"

"ತಯಾರು" ಎಂದಳು ಗುಡುಗಮ್ಮ ತಕ್ಷಣ, ಹಲ್ಲುಗಳ ನಡುವಿನಿಂದ.

"ಇಲ್ಲ!"

ಕೂಗಿದವನು ಕನ್ನಡಕದವನು. ಕೂತಲ್ಲಿಂದ ಅರ್ಧ ಎದ್ದಿದ್ದ. "ಇಲ್ಲ! ತಿರುಗಿಸ್ಬೇಡ! ಇಲ್ಲ!"

ಹುಡುಗಿಯ ಕೈ ಚುಕ್ಕಾಣಿಯ ಮೇಲೆ ಕಲ್ಲಾಯಿತು. ದೋಣಿ ನೇರವಾಗಿ ಓಡುತ್ತಲೇ ಇತ್ತು.

"ಅಕ್ಕ" ಎಂದ ಅವನು. "ಕೈ ನೋಡ್ಕೋ."

ಗುಡುಗಮ್ಮ ನೋಡಿಕೊಂಡಳು. ಹಗ್ಗ ಅವಳ ಬಲಗೈಗೆ ಸುತ್ತಿತ್ತು, ಒಂದಲ್ಲ, ಎರಡು ಸುತ್ತು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಯಾವಾಗ ಸುತ್ತಿದಳೋ ಅವಳಿಗೆ ಗೊತ್ತಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ತಯಾರು ಎನ್ನುವಾಗ ತಾನು ತಯಾರಾಗಿದ್ದೇನೆ ಎಂದೇ ಅಂದುಕೊಂಡಿದ್ದಳು.

ಎಡಗೈಯಿಂದ ಒಂದೊಂದೇ ಸುತ್ತನ್ನು ಬಿಡಿಸಿಕೊಂಡಳು. ಬಂದರಿನ ಬಾಯಿ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು. ಧಕ್ಕೆಯ ಮೇಲಿಂದ ಸಲೂನಿನವನು ಕೈ ಬೀಸಿ, "ದಾರಿ ಇತ್ತ! ಇತ್ತ!" ಎಂದು ಕೂಗುತ್ತಿದ್ದ. ಹುಡುಗಿ ಅವನ ಕಡೆ ನೋಡಲಿಲ್ಲ. ಅತ್ತೆಯ ಕೈ ಬಿಡುಗಡೆಯಾದದ್ದನ್ನು ನೋಡಿ, ಕಲಿಸಿದ ಹಾಗೇ ದೋಣಿಯ ಮೂತಿಯನ್ನು ನಿಧಾನವಾಗಿ ಗಾಳಿಯ ಕಡೆಗೆ ತಿರುಗಿಸಿದಳು. ಗುಡುಗಮ್ಮ ಶೀಟ್ ಸಡಿಲ ಬಿಟ್ಟಳು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿಯ ಓಟ ಇಳಿಯಿತು, ಆಮೇಲೆ ಅದು ಇದ್ದಲ್ಲೇ ತೂಗತೊಡಗಿತು.

ಗುಡುಗಮ್ಮನಿಗೆ ಸಿಟ್ಟು ಬಂದಿತ್ತು. ಮೊದಲು ತಮ್ಮನ ಮೇಲೆ, ಅದನ್ನು ನೋಡಿದ್ದಕ್ಕೆ. ಆಮೇಲೆ ತನ್ನ ಕೈಯ ಮೇಲೆ. ಆಮೇಲೆ ಅದು ಸರಿದು ಸರಿದು, ಇಷ್ಟು ವರ್ಷ ಅವಳು ತನ್ನ ಸಿಟ್ಟು ತಾಗದಂತೆ ಕಾಪಾಡುತ್ತಾ ಬಂದಿದ್ದ ಒಬ್ಬನ ಮೇಲೆ ಹೋಗಿ ನಿಂತಿತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು ಅಪ್ಪ. ಹಾಸಿಗೆಯ ಮೇಲೆ ಮಲಗಿ, ನಾನೇ ನೋಡಿಕೊಳ್ಳಲಿಲ್ಲ ಮಗಳೇ ಎಂದಿದ್ದರೆ ಆಗುತ್ತಿತ್ತು. ನೀನು ಹೂಂ ಎಂದೆ. ಇಬ್ಬರಿಗೂ ಹೂಂ ಎಂದೆ.

"ಅವತ್ತು ಅಪ್ಪ ತಯಾರು ಅಂದಿದ್ದ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ತಮ್ಮ ತಲೆ ತಗ್ಗಿಸಿ, "ಹೂಂ" ಎಂದ.

"ಹೂಂ ಅನ್ಬೇಡ!" ಅವಳ ಕೂಗಿಗೆ ಧಕ್ಕೆಯ ಮೇಲಿದ್ದ ಸಲೂನಿನವನು ಕೈ ಬೀಸುವುದನ್ನು ನಿಲ್ಲಿಸಿದ. "ಈ ದೋಣಿಯಲ್ಲಿ ಇನ್ಮೇಲೆ ಯಾರೂ ಹೂಂ ಅನ್ಬೇಡಿ! ಬಾಯಿ ಬಿಟ್ಟು ಹೇಳು!"

"ಅಂದಿದ್ದ ಅಕ್ಕ." ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಕೇಳಿದೆ. ತಯಾರು ಅಂದ. ನಾನು ಮಾತು ಕೇಳಿಸ್ಕೊಂಡೆ, ಕೈ ನೋಡಲಿಲ್ಲ. ಇವತ್ತು ಹತ್ತಿದಾಗಿಂದ ನಾನು ನಿನ್ನ ಕೈಯನ್ನೇ ನೋಡ್ತಾ ಇದ್ದೆ."

ಗುಡುಗಮ್ಮ ಹಗ್ಗವನ್ನು ಮಡಚದೆ, ಸುರುಳಿ ಮಾಡದೆ, ಹೇಗೆ ಕೊಡಬಾರದೆಂದು ಎಲ್ಲರನ್ನೂ ಬೈಯುತ್ತಿದ್ದಳೋ ಹಾಗೇ ಮುದ್ದೆಯಾಗಿ ತಮ್ಮನ ಮಡಿಲಿಗೆ ಹಾಕಿದಳು. "ತಗೋ. ಹಿಡ್ಕೋ. ಸುತ್ಕೋಬೇಡ."

ಅವನು ಹಿಡಿದುಕೊಂಡ. ಹುಡುಗಿ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸುತ್ತಿ ಹೋಗೋಣ. ತಯಾರಾ?"

ಅವನು ಕೈ ನೋಡಿಕೊಂಡ, ಪಾಲಿಶ್ ಬೂಟುಗಳ ಕಡೆ ನೋಡಿಕೊಂಡ. "ತಯಾರು" ಎಂದ.

ಗುಡುಗಮ್ಮ ಎರಡೂ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡಿದ್ದಳು, ಅವಳ ಭುಜಗಳು ಅದುರುತ್ತಿದ್ದವು. ಕೈಯಲ್ಲಿ ಹಗ್ಗವಿರಲಿಲ್ಲ, ಕಾಲಿಗೆ ಏನೂ ಸಿಕ್ಕಿಕೊಂಡಿರಲಿಲ್ಲ.

"ಅತ್ತೆ? ತಯಾರಾ?"

"ಇಲ್ಲ" ಎಂದಳು ಗುಡುಗಮ್ಮ. "ಸ್ವಲ್ಪ ತಾಳು."

ಹುಡುಗಿ ಚುಕ್ಕಾಣಿಯನ್ನು ಅಲ್ಲಾಡಿಸದೆ ಹಿಡಿದು ಕಾದಳು.